ಮಳೆಗಾಲದಲ್ಲಿ ಒತ್ತಿನೆಣೆಗೆ ಸೈಕಲ್ಲಿನಲ್ಲಿ

(ಸುವರ್ಣ ಮಹೋತ್ಸವದ ಪೂರ್ವಭಾವಿಯಾಗಿ 2024ರ ಆಗಸ್ಟ್ ತಿಂಗಳಲ್ಲಿ ನಡೆದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಶಾಲೆಯ ನೆನಪುಗಳನ್ನು ಹೇಳಬೇಕು ಎಂದು ಸಮಿತಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಮಧ್ಯಾಹ್ನದ ಗಂಜಿ, ಬೆತ್ತದ ಪೆಟ್ಟು, ಸೋರುವ ಹಂಚಿನ ಮಾಡು ಇವನ್ನೆಲ್ಲ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಕಳೆದ ತಿಂಗಳ ಒಂದು ಭಾನುವಾರ ಸೈಕಲ್ ಹೊಡೆದ ಕಥೆ ಹೇಳುತ್ತೇನೆ. ಅದಕ್ಕೂ ಶಾಲೆಗೂ ಏನು ಸಂಬಂಧ ಅನ್ನುವುದು ಕೊನೆಗೆ ನಿಮಗೇ ತಿಳಿಯುತ್ತದೆ. ಕೊನೆಯಲ್ಲಿ ಸಮಿತಿಗೆ ನನ್ನದೊಂದು ವಿನಂತಿಯೂ ಇದೆ.

ನಮ್ಮದು 1981ರಲ್ಲಿ ಎಂಟನೇ ತರಗತಿಗೆ ಸೇರಿದ ಬ್ಯಾಚು. ನಮ್ಮ ಬ್ಯಾಚಿನವರನ್ನೆಲ್ಲ ಹುಡುಕಿ ಮಹೋತ್ಸವಕ್ಕೆ ಕರೆಯುವ ಕೆಲಸವನ್ನು ಸಮಿತಿಯವರು ನನಗೆ ವಹಿಸಿದರು. ಬ್ಯಾಂಕಿನ ಕೆಲಸ ಬಿಟ್ಟು ಊರಿಗೆ ಬಂದು ಕೂತಿದ್ದೇನೆ, ಸಮಯ ಇದೆ. ಹೆಸರಿನ ಪಟ್ಟಿ ಹಿಡಿದು ಹೊರಟೆ. ಹೆಮ್ಮಾಡಿ ದಾರಿಯಲ್ಲಿ ನನ್ನ ಗೆಳೆಯನ ಸೈಕಲ್ ರಿಪೇರಿ ಅಂಗಡಿ ಇದೆ. ಅವನ ಹೆಸರು ಹೇಳುವುದಿಲ್ಲ, ಹೇಳಬೇಡ ಅಂದಿದ್ದಾನೆ. ನಿಮ್ಮಲ್ಲಿ ಅರ್ಧ ಜನಕ್ಕೆ ಯಾರು ಅಂತ ಈಗಲೇ ಗೊತ್ತಾಗಿರಬಹುದು.

ಆಮಂತ್ರಣ ಕೊಟ್ಟೆ. ಅವನು ಗ್ರೀಸಿನ ಕೈ ಒರೆಸಿಕೊಂಡು ನನ್ನ ಕೈಯ ಪಟ್ಟಿಯ ಕಡೆ ನೋಡಿ ಕೇಳಿದ.

"ನಂದ್ ಹೆಸ್ರ್ ಇತ್ತಾ ಅದ್ರಗೆ?"

ಇದ್ದೇ ಇರುತ್ತದೆ ಅಂದುಕೊಂಡು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ಇರಲಿಲ್ಲ. ಪಟ್ಟಿಯನ್ನು ಎಸ್ಸೆಸ್ಸೆಲ್ಸಿ ಪಾಸಾದವರ ದಾಖಲೆಯಿಂದ ಮಾಡಿದ್ದರು. ಅವನು ಪಾಸಾದವನಲ್ಲ.

"ಪಾಸ್ ಆದವ್ರ್ ಜಾತ್ರಿಗೆ ನಾ ಎಂತಕ್ಕೆ ಬಪ್ಪುದ್?" ಅಂದ. ಅದರಲ್ಲಿ ಸಿಟ್ಟಿರಲಿಲ್ಲ, ಪಂಕ್ಚರ್ ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿದ. ನಾನು ಹೊರಡಲಾರದೆ ನಿಂತಿದ್ದೆ. ಅವನೇ ಮತ್ತೆ ಹೇಳಿದ. "ಒತ್ತಿನೆಣಿಗ್ ಹೋಪ ಅಂದಿದ್ಯಲ್ದಾ? ಅದ್ ಹಾಂಗೇ ಬಾಕಿ ಇತ್ತ್."

ಆ ಬಾಕಿ ಏನು ಅಂತ ಹೇಳಬೇಕು. ಒಂಬತ್ತನೇ ತರಗತಿಯಲ್ಲಿ ನಮ್ಮ ಸಮಾಜದ ಮಾಷ್ಟ್ರು ಬೋರ್ಡಿನ ಮೇಲೆ ಸೌಪರ್ಣಿಕಾ ನದಿಯ ನಕ್ಷೆ ಬರೆದಿದ್ದರು. ಕೊಡಚಾದ್ರಿಯ ಬುಡದಲ್ಲಿ ಹುಟ್ಟಿ, ಕೊಲ್ಲೂರು ದಾಟಿ, ಮರವಂತೆಯಲ್ಲಿ ಕಡಲಿನ ಹತ್ತಿರಕ್ಕೆ ಬರುತ್ತದೆ. ನದಿಗೂ ಕಡಲಿಗೂ ನಡುವೆ ಒಂದು ರಸ್ತೆಯಷ್ಟೇ ಜಾಗ. ಆದರೆ ಅಲ್ಲಿ ಅದು ಕಡಲು ಸೇರುವುದಿಲ್ಲ, ತೆಂಕು ದಿಕ್ಕಿಗೆ ತಿರುಗಿ ಮತ್ತೆ ಸುಮಾರು 10 ಕಿ.ಮೀ. ಹರಿಯುತ್ತದೆ. ಗಂಗೊಳ್ಳಿಯ ಹತ್ತಿರ ವಾರಾಹಿ, ಚಕ್ರ ಮೊದಲಾದ ಹೊಳೆಗಳ ಜತೆ ಸೇರಿ, ಪಂಚಗಂಗಾವಳಿಯಾಗಿ ಕಡಲಿಗೆ ಹೋಗುತ್ತದೆ. ಅಷ್ಟು ಹತ್ತಿರ ಬಂದ ನೀರು ತಿರುಗಿ ಹೋಗುವುದುಂಟೇ ಅಂತ ನಾವು ನಕ್ಕಿದ್ದೆವು. "ನಂಬದಿದ್ದರೆ ಹೋಗಿ ಕಂಡು ಬನ್ನಿ" ಅಂದರು ಮಾಷ್ಟ್ರು. ಪರೀಕ್ಷೆ ಮುಗಿದ ಮೇಲೆ ಸೈಕಲ್ಲಿನಲ್ಲಿ ಮರವಂತೆಗೆ, ಅಲ್ಲಿಂದ ಹಾಗೇ ಒತ್ತಿನೆಣೆ ಗುಡ್ಡದ ತನಕ ಹೋಗುವುದು ಅಂತ ನಾವಿಬ್ಬರು ಮಾತಾಡಿಕೊಂಡಿದ್ದೆವು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಜುಲೈ ತಿಂಗಳ ಆ ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ನನ್ನದು ಅಣ್ಣನ ಮಗನಿಂದ ಕೇಳಿ ತಂದ ಗೇರಿನ ಸೈಕಲ್, ತೆಳು ಟೈರು, ಮಡ್‌ಗಾರ್ಡ್ ಇಲ್ಲ. ಅವನದು ಕಪ್ಪು ಬಣ್ಣದ ಹಳೆ ಅಟ್ಲಾಸ್, ಕಡ್ಡಿ ಬ್ರೇಕು, ಹಿಂದೆ ಕ್ಯಾರಿಯರ್. ಕ್ಯಾರಿಯರಿಗೆ ಪಂಪು, ಎರಡು ಟ್ಯೂಬು, ಸ್ಪಾನರು, ಎಣ್ಣೆ ಡಬ್ಬ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದ್ದ. ನನ್ನ ರೈನ್‌ಕೋಟು ನೋಡಿ ನಕ್ಕ. "ಹೊರ್ಗಿನ್ ಮಳಿ ನಿಲ್ತ್, ಒಳ್ಗಿನ್ ಬೆವ್ರ್ ಎಲ್ಲಿಗ್ ಹೋಪುದ್?" ಅಂದ. ಅವನು ಹಾಕಿದ್ದು ಒಂದು ಅಂಗಿ, ಒಂದು ಚಡ್ಡಿ, ತಲೆಗೆ ಪ್ಲಾಸ್ಟಿಕ್ ಚೀಲ. ನಾವುಂದ ಮುಟ್ಟುವ ಮೊದಲೇ ನಾನೂ ರೈನ್‌ಕೋಟು ತೆಗೆದು ಮಡಚಿ ಕಟ್ಟಿದೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಬೀಳುತ್ತದೆ ಅಂತ ನಾವು ಪಾಠದಲ್ಲಿ ಬಾಯಿಪಾಠ ಮಾಡಿದ್ದೇವೆ. ಸೈಕಲ್ಲಿನ ಮೇಲೆ ಕೂತರೆ ಆ ಲೆಕ್ಕ ಮೈಗೇ ತಿಳಿಯುತ್ತದೆ. ಮಳೆ ಒಂದೇ ಥರ ಇರುವುದಿಲ್ಲ. ಹೆಮ್ಮಾಡಿ ತನಕ ಎಲೆಯಿಂದ ತೊಟ್ಟಿಕ್ಕುವ ಹನಿ. ಹೆಮ್ಮಾಡಿಯಲ್ಲಿ, ಪುಷ್ಯ ಮಾಸದಲ್ಲಿ ಸೇವಂತಿಗೆಯಿಂದ ಹಳದಿಯಾಗುವ ಅದೇ ಗದ್ದೆಗಳಲ್ಲಿ, ಈಗ ಮೊಣಕಾಲು ನೀರು, ನೇಜಿ ಕಟ್ಟುಗಳು. ಕೊಪ್ಪೆ ಹಾಕಿಕೊಂಡು ನಾಟಿಗೆ ಇಳಿದ ಹೆಂಗಸರು ನಮ್ಮನ್ನು ನೋಡಿ ಬೆನ್ನು ನೆಟ್ಟಗೆ ಮಾಡಿದರು. "ಹ್ವಾಯ್, ಈ ಮಳಿಯಗೆ ಎಲ್ಲಿಗ್ ಹೊರ್ಟದ್?" "ಒತ್ತಿನೆಣಿಗೆ!" "ಎಂತಕ್ಕೆ?" ಉತ್ತರ ನಮ್ಮ ಹತ್ತಿರ ಇರಲಿಲ್ಲ. ಕೈ ಬೀಸಿ ಮುಂದೆ ಹೋದೆವು.

ನಾವು ಹುಡುಗರಾಗಿದ್ದಾಗ ಇದು ರಾಷ್ಟ್ರೀಯ ಹೆದ್ದಾರಿ 17, ಎದುರಿಗೆ ಲಾರಿ ಬಂದರೆ ಚರಂಡಿಗೆ ಇಳಿಯಬೇಕಿತ್ತು. ಈಗ 66, ನಾಲ್ಕು ಪಥ. ಬಿಳಿ ಪಟ್ಟಿಯ ಮೇಲೆ ಹೋಗಬೇಡ, ಜಾರುತ್ತದೆ ಅಂದ ಗೆಳೆಯ. ಸೇತುವೆಯ ಕಬ್ಬಿಣದ ಜೋಡಣೆಯನ್ನು ನೇರವಾಗಿ ದಾಟಬೇಕು, ಓರೆಯಾಗಿ ದಾಟಿದರೆ ಟೈರು ಜಾರುತ್ತದೆ. ನೀರು ನಿಂತ ಕಡೆ ಹೊಂಡ ಎಷ್ಟು ಆಳ ಇದೆ ಅಂತ ಕಾಣುವುದಿಲ್ಲ, ಸುತ್ತಿ ಹೋಗಬೇಕು. ಮೂವತ್ತು ವರ್ಷ ಲೆಕ್ಕದ ಪುಸ್ತಕ ನೋಡಿದವನಿಗೆ ಹತ್ತು ಕಿಲೋಮೀಟರಿನಲ್ಲಿ ಇಷ್ಟು ಪಾಠ.

ಅರಾಟೆಯ ಸೇತುವೆಯ ಮೇಲೆ ಸೌಪರ್ಣಿಕೆಯನ್ನು ದಾಟಿದೆವು. ಕೆಮ್ಮಣ್ಣು ಕಲಸಿದ ನೀರು, ಒಂದು ತೆಂಗಿನ ಮರದ ಬುಡ ತೇಲಿ ಹೋಗುತ್ತಿತ್ತು. ಮುಳ್ಳಿಕಟ್ಟೆ, ತ್ರಾಸಿ ಕಳೆದು ಇಳಿದರೆ ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಅದೇ ನದಿ. ನಾವು ಅರ್ಧ ಗಂಟೆ ಹಿಂದೆ ದಾಟಿ ಬಂದ ನೀರು ಇಲ್ಲಿಂದ ತಿರುಗಿಯೇ ಅಲ್ಲಿಗೆ ಹೋಗಿದೆ. ಕಡಲಿನ ಬದಿಯಲ್ಲಿ ಕಲ್ಲಿನ ತಡೆಗೋಡೆಗೆ ತೆರೆ ಬಡಿದು ಉಪ್ಪು ನೀರಿನ ಹನಿ ರಸ್ತೆ ದಾಟಿ ಬಂದು ಮುಖಕ್ಕೆ ಹೊಡೆಯುತ್ತಿತ್ತು. ನದಿಯ ಬದಿಯಲ್ಲಿ ಮಾತ್ರ ನೀರು ಸುಮ್ಮನಿತ್ತು, ಮಳೆಯ ಹನಿ ಬಿದ್ದಲ್ಲಿ ಬರೀ ಸಣ್ಣ ಉಂಗುರಗಳು. ಇಬ್ಬರೂ ಸೈಕಲ್ ನಿಲ್ಲಿಸಿ ರಸ್ತೆಯ ಆ ಬದಿ ಈ ಬದಿ ನೋಡಿದೆವು.

"ಮಾಷ್ಟ್ರು ಹೇಳದ್ದ್ ಸಮ" ಅಂದ ಅವನು. ನಲವತ್ತು ವರ್ಷ ಬಸ್ಸಿನಲ್ಲಿ, ಕಾರಿನಲ್ಲಿ ನಾನು ಆ ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದೇನೆ. ನಿಂತು ನೋಡಿದ್ದು ಆ ದಿನವೇ.

ನಾವುಂದದಲ್ಲಿ ಒಬ್ಬ ಹುಡುಗ ಮಳೆಯಲ್ಲಿ ನೆನೆದು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಚೈನು ಕಳಚಿ ಫ್ರೀವೀಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಗೆಳೆಯ ಕೇಳಲಿಲ್ಲ, ಹೇಳಲಿಲ್ಲ, ಸೈಕಲ್ ತಲೆಕೆಳಗೆ ಮಾಡಿ, ಹಿಂದಿನ ಚಕ್ರ ಸಡಿಲಿಸಿ, ಚೈನು ಬಿಡಿಸಿ ಬಿಗಿ ಮಾಡಿ ಎಣ್ಣೆ ಬಿಟ್ಟ. ಐದು ನಿಮಿಷ. ಹುಡುಗ ಎಷ್ಟಾಯಿತು ಅಂದ. "ಎಷ್ಟ್ನೇ ಕ್ಲಾಸ್?" "ಹತ್ತು." "ಹಾಂಗಾರೆ ಹೋಗ್."

ಆಮೇಲೆ ನಾನು ಕೇಳಿದ್ದಕ್ಕೆ ಸ್ವಲ್ಪ ಸ್ವಲ್ಪ ಹೇಳಿದ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಇವನ ಅಂಗಡಿಗೆ ಯೂನಿಫಾರ್ಮಿನ ಗಿರಾಕಿಗಳು ಹೆಚ್ಚಾದರು. ಯೂನಿಫಾರ್ಮ್ ಹಾಕಿ ಬಂದವರ ಪಂಕ್ಚರಿಗೆ ಅವನು ದುಡ್ಡು ತೆಗೆದುಕೊಳ್ಳುವುದಿಲ್ಲ. ಇನ್ನೊಂದು ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವಷ್ಟು ದಿನ ಅವನು ಬೆಳಿಗ್ಗೆ ಆರಕ್ಕೇ ಅಂಗಡಿ ತೆಗೆಯುತ್ತಾನೆ. ಗಾಳಿ ತುಂಬಿಸಿದ ಎರಡು ಸೈಕಲ್ ಬಾಗಿಲ ಮುಂದೆ ನಿಲ್ಲಿಸಿರುತ್ತಾನೆ. ಯಾರದ್ದಾದರೂ ಸೈಕಲ್ ಕೈಕೊಟ್ಟರೆ ಅದನ್ನು ಅಲ್ಲಿ ಬಿಟ್ಟು ಇದನ್ನು ತೆಗೆದುಕೊಂಡು ಹೋಗಬಹುದು, ಹೆಸರು ಬರೆಯುವುದೂ ಬೇಡ.

ಯಾಕೆ ಹಾಗೆ ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಬೈಂದೂರಿನಲ್ಲಿ ಹೋಟೆಲಿನ ಬೆಂಚಿನ ಮೇಲೆ ಕೂತು ಬನ್ಸು ತಿಂದು ಚಾ ಕುಡಿದೆವು. ನಾವು ಕೂತಲ್ಲೆಲ್ಲ ನೀರು. ಪಕ್ಕದಲ್ಲಿ ಕೂತ ಮೀನುಗಾರರು ಯಾಂತ್ರಿಕ ದೋಣಿಗಳಿಗೆ ಜುಲೈ ಮುಗಿಯುವ ತನಕ ರಜೆ, ನಾಡದೋಣಿ ಇಳಿಸುವುದಕ್ಕೆ ಕಡಲು ಬಿಡುತ್ತಿಲ್ಲ ಅಂತ ಮಾತಾಡುತ್ತಿದ್ದರು. ಅಲ್ಲಿಂದ ಒತ್ತಿನೆಣೆಯ ಏರು. ಗೇರಿನ ಸೈಕಲ್ ಇದ್ದೂ ನಾನು ಅರ್ಧದಲ್ಲಿ ಇಳಿದು ತಳ್ಳಿದೆ. ಅವನೂ ಇಳಿದ. ಅವನಿಗೆ ಇಳಿಯುವ ಅಗತ್ಯ ಇರಲಿಲ್ಲ.

ಗುಡ್ಡದ ಮೇಲೆ ನಿಂತರೆ ಕೆಳಗೆ ಸೋಮೇಶ್ವರದ ಕಡಲ ತೀರ, ಹೊಳೆ ಕಡಲಿಗೆ ಬೀಳುವ ಜಾಗ. ಹೊಳೆಯ ಕೆಂಪು ನೀರು ಕಡಲಿನ ಬೂದು ನೀರಿನೊಳಗೆ ನಾಲಿಗೆಯ ಹಾಗೆ ಚಾಚಿತ್ತು. ದೂರದಿಂದ ಮಳೆ ಬರುವುದು ಕಾಣುತ್ತಿತ್ತು. ಮೊದಲು ಕಡಲಿನ ಅಂಚು ಮಾಯವಾಯಿತು, ಆಮೇಲೆ ತೆರೆಗಳು, ಆಮೇಲೆ ತೀರದ ತೆಂಗಿನ ತೋಟ, ಕೊನೆಗೆ ನಾವು. ಮುರಕಲ್ಲಿನ ಗೋಡೆಯ ಮರೆಗೆ ಹೋಗಿ ನಿಂತೆವು. ಅಲ್ಲಿ ನಾನು, ನಲವತ್ತು ವರ್ಷದಿಂದ ಹೇಳಬೇಕಾಗಿದ್ದ ಮಾತು ಹೇಳಿದೆ.

ಈಗ ನಿಮಗೂ ಹೇಳುತ್ತೇನೆ. ನಾವು 1984ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದೆವು. ನಾನು ಪಾಸಾದೆ, ಅವನಿಗೆ ಗಣಿತ ಹೋಯಿತು. ನಾನು ಕಾಲೇಜಿಗೆ ಸೇರಿದೆ, ಅಪ್ಪಯ್ಯ ಸೈಕಲ್ ತೆಗೆಸಿಕೊಟ್ಟರು. ಅಕ್ಟೋಬರ್ ಪರೀಕ್ಷೆಗೆ ಅವನು ಮತ್ತೆ ಕಟ್ಟಿದ. ಪರೀಕ್ಷೆಯ ಕೇಂದ್ರ ಕುಂದಾಪುರದಲ್ಲಿ, ಇಲ್ಲಿಂದ 16 ಕಿ.ಮೀ. ಅವರ ಮನೆಯಲ್ಲಿ ಸೈಕಲ್ ಇರಲಿಲ್ಲ, ಬೆಳಗಿನ ಬಸ್ಸನ್ನು ನಂಬುವ ಹಾಗಿರಲಿಲ್ಲ. "ನೀನು ಸಂಕದ ಹತ್ತಿರ ನಿಂತಿರು, ಎಂಟು ಗಂಟೆಗೆ ಬರುತ್ತೇನೆ, ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ" ಅಂತ ನಾನೇ ಹೇಳಿದ್ದೆ. ಆ ಬೆಳಿಗ್ಗೆ ಗುಡುಗು ಮಳೆ. ಅವನು ಬಸ್ಸಿಗೆ ಹೋಗಿರುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡು ಕಂಬಳಿ ಎಳೆದುಕೊಂಡೆ.

ಇಷ್ಟೇ ಸಂಗತಿ. ಅವನು ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಮುಂದಿನ ತಿಂಗಳು ಹೆಮ್ಮಾಡಿಯ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ನಾನು ಊರಿಗೆ ಬಂದಾಗ ಎದುರು ಸಿಕ್ಕರೆ "ಹೇಗಿದ್ದಿ" ಅಂದು ಮುಂದೆ ಹೋಗುತ್ತಿದ್ದೆ. ಅವನು ಅಂದು ಎಲ್ಲಿಯ ತನಕ ಕಾದ, ಏನಾಯಿತು ಅಂತ ಒಮ್ಮೆಯೂ ಕೇಳಲಿಲ್ಲ.

ಗುಡ್ಡದ ಮೇಲೆ ಕೇಳಿದೆ. ಅವನು ಮಳೆಯನ್ನೇ ನೋಡುತ್ತಾ ಹೇಳಿದ. "ಎಂಟೂವರೆ ತನ್ಕ ಕಾದೆ. ಮತ್ತೆ ಹೆಮ್ಮಾಡಿಗ್ ನಡ್ಕಂಡ್ ಹೋದೆ. ಅಲ್ಲಿಂದ ಬಸ್. ನಾ ಹೋಪತಿಗೆ ತಡ ಆಯ್ತ್, ಒಳ್ಗೆ ಬಿಡ್ಲಿಲ್ಲೆ."

ನನಗೆ ಮಾತು ಬರಲಿಲ್ಲ. ತಪ್ಪಾಯಿತು ಅಂದೆ. ಅದು ಎಷ್ಟು ಸಣ್ಣ ಮಾತು ಅಂತ ಹೇಳುವಾಗಲೇ ತಿಳಿಯಿತು.

"ನೀ ಬಂದಿರೂ ನಾ ಪಾಸ್ ಆತಿದ್ನೋ ಇಲ್ಯೋ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದ. "ಆರೆ ಪೇಪರ್ ಒಂದ್ ಸಲ ಕಾಣ್ಕಿತ್ತ್." ಪ್ರಶ್ನೆಪತ್ರಿಕೆಯನ್ನು ಒಮ್ಮೆ ನೋಡಬೇಕಿತ್ತು. ಅಷ್ಟೇ ಅವನ ದೂರು. ಮಳೆ ಸಣ್ಣದಾಯಿತು. ಅವನು ಸೈಕಲ್ ಸ್ಟ್ಯಾಂಡ್ ತೆಗೆಯುತ್ತಾ, "ಇಳಿಜಾರಗೆ ಬ್ರೇಕ್ ಮುಂಚೆಯೇ ಹಿಡಿ. ನಿನ್ನ ರಿಮ್ ಒದ್ದಿ ಇತ್ತ್" ಅಂದ.

ನಾನು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ನಿಲ್ಲಲೇ ಇಲ್ಲ. ಒದ್ದೆ ರಿಮ್ಮಿನ ಮೇಲೆ ರಬ್ಬರು ಸುಮ್ಮನೆ ಜಾರುತ್ತದೆ. ಚಕ್ರ ಕೆಲವು ಸುತ್ತು ತಿರುಗಿ ನೀರು ಒರೆಸಿ ಹೋದ ಮೇಲೆಯೇ ಹಿಡಿತ ಬರುವುದು. ಅದಕ್ಕೇ ಮೊದಲೇ ಮೆಲ್ಲಗೆ ಹಿಡಿಯುತ್ತಾ ಬಿಡುತ್ತಾ ಹೋಗಬೇಕು. ಎದುರಿಗೆ ಲಾರಿಯೊಂದು ನಿಂತಿತ್ತು. ಹೇಗೋ ಬದಿಯ ಮಣ್ಣಿಗೆ ಇಳಿಸಿ ಬಿದ್ದೆ. ಮೊಣಕೈ ತರಚಿತು, ಬೇರೇನೂ ಆಗಲಿಲ್ಲ. ಅವನು ಬಂದು ಮೊದಲು ನನ್ನ ಕೈ ನೋಡಿದ, ಆಮೇಲೆ ಹ್ಯಾಂಡಲ್ ನೇರ ಮಾಡಿದ, ಬ್ರೇಕಿನ ತಂತಿ ಬಿಗಿ ಮಾಡಿದ. ಬೈಯಲಿಲ್ಲ.

ಬರುವಾಗಿನ ಕಷ್ಟ ಬೇರೆ. ಹೋಗುವಾಗ ನೈಋತ್ಯದ ಗಾಳಿ ಬೆನ್ನು ತಳ್ಳುತ್ತಿತ್ತು, ಅದು ನಮ್ಮದೇ ಶಕ್ತಿ ಅಂದುಕೊಂಡಿದ್ದೆ. ತಿರುಗಿದ ಮೇಲೆ ಅದೇ ಗಾಳಿ ಎದುರಿಗೆ. ಮರವಂತೆಯ ಬಯಲಿನಲ್ಲಿ ಮರೆ ಇಲ್ಲ. ಪೆಡಲ್ ತುಳಿದರೂ ಸೈಕಲ್ ನಿಂತಲ್ಲೇ ನಿಂತ ಹಾಗೆ, ಹನಿ ಕಣ್ಣಿಗೆ ಹೊಡೆದು ದಾರಿ ಕಾಣದು. ನನ್ನ ಕಾಲು ಸೋತಿತು. ಬಸ್ಸಿಗೆ ಸೈಕಲ್ ಹಾಕಿಕೊಂಡು ಹೋಗುವ ಅಂದೆ.

ಅವನು ಮುಂದೆ ಬಂದ. "ನನ್ನ ಹಿಂದೆ ಬಾ. ಹತ್ರ ಬಾ, ಗಾಳಿ ತಾಗುದಿಲ್ಲೆ."

ಒಂದು ಮೊಳದ ಅಂತರದಲ್ಲಿ ಅವನ ಹಿಂದಿನ ಚಕ್ರ ನೋಡುತ್ತಾ ತುಳಿದೆ. ನಿಜ, ಗಾಳಿಯ ಅರ್ಧ ಭಾರ ಅವನ ಎದೆಗೆ ಹೋಯಿತು. ಮರವಂತೆಯಿಂದ ಅರಾಟೆ ತನಕ ಒಂದು ಸಲವೂ ಅವನು ನನ್ನನ್ನು ಮುಂದೆ ಬಿಡಲಿಲ್ಲ. ನಮ್ಮ ಊರಿನ ಆ ಸಂಕದ ಹತ್ತಿರ ಬಂದಾಗ ಸಂಜೆ ಆರು ಗಂಟೆ. ಸುಮಾರು 70 ಕಿ.ಮೀ. ಆಗಿತ್ತು. ಸಂಕದ ಬದಿಯಲ್ಲಿ ಅವನು ನಿಲ್ಲಲಿಲ್ಲ. ಬೆಲ್ ಹೊಡೆದು ಅಂಗಡಿಯ ಕಡೆ ತಿರುಗಿದ.

ಮರುದಿನ ನಾನು ಶಾಲೆಗೆ ಬಂದು ಮುಖ್ಯೋಪಾಧ್ಯಾಯರ ಅನುಮತಿ ಕೇಳಿ ಹಳೆಯ ದಾಖಲಾತಿ ರಿಜಿಸ್ಟರು ತೆಗೆಸಿದೆ. ಗೆದ್ದಲು ಸ್ವಲ್ಪ ಮುಟ್ಟಿದೆ, ಆದರೆ 1981ರ ಪುಟ ಸರಿಯಾಗಿದೆ. ನನ್ನ ಹೆಸರಿನಿಂದ ಎರಡು ಸಾಲು ಕೆಳಗೆ ಅವನ ಹೆಸರು, ಗುಂಡಗಿನ ಅಕ್ಷರದಲ್ಲಿ. ಆ ಪುಟದಲ್ಲಿ ನಮ್ಮ ಪಟ್ಟಿಯಲ್ಲಿಲ್ಲದ ಹೆಸರುಗಳು ಎಷ್ಟೋ ಇವೆ. ಒಂಬತ್ತರಲ್ಲಿ ಮದುವೆಯಾಗಿ ಹೋದ ಹುಡುಗಿಯರು. ಹಂಚಿನ ಕಾರ್ಖಾನೆಗೆ ಹೋದವರು. ಮುಂಬೈ, ಬೆಂಗಳೂರಿನ ಹೋಟೆಲುಗಳಿಗೆ ಲೋಟ ತೊಳೆಯಲು ಹೋದವರು. ಈ ರಂಗಮಂದಿರಕ್ಕೆ ಮಾಡು ಹಾಕಿಸಿಕೊಟ್ಟವರು ಇದೇ ಶಾಲೆಯ ಒಂಬತ್ತನೇ ತರಗತಿ ಬಿಟ್ಟು ಹೋಟೆಲಿಗೆ ಹೋದವರು. ಅವರ ಹೆಸರು ನಮ್ಮ ದಾನಿಗಳ ಪಟ್ಟಿಯಲ್ಲಿದೆ, ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿಲ್ಲ.

ಸಮಿತಿಯವರ ತಪ್ಪು ಇದರಲ್ಲಿಲ್ಲ. ಪಾಸಾದವರ ದಾಖಲೆ ಕೈಗೆ ಸುಲಭವಾಗಿ ಸಿಕ್ಕಿತು, ಅದರಿಂದ ಬರೆದುಕೊಂಡರು. ನಾನೂ ಆ ಪಟ್ಟಿ ಹಿಡಿದು ಮನೆ ಮನೆ ತಿರುಗಿದವನೇ. ನನ್ನ ವಿನಂತಿ ಒಂದೇ. ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅಚ್ಚಾಗುವ ಹೆಸರುಗಳನ್ನು ದಾಖಲಾತಿ ರಿಜಿಸ್ಟರಿನಿಂದ ತೆಗೆಯಿರಿ. ಈ ಬಾಗಿಲಿನಿಂದ ಒಳಗೆ ಬಂದವರೆಲ್ಲರ ಹೆಸರೂ ಬರಲಿ, ಯಾವ ಬಾಗಿಲಿನಿಂದ ಹೊರಗೆ ಹೋದರು ಅಂತ ಕೇಳುವುದು ಬೇಡ. ಐವತ್ತು ವರ್ಷದ ರಿಜಿಸ್ಟರು ನೋಡಿ ಬರೆಯುವುದು ದೊಡ್ಡ ಕೆಲಸ. ಆ ಕೆಲಸವನ್ನು ನಾನು ಮಾಡುತ್ತೇನೆ, ನನಗೆ ಇಬ್ಬರು ಜತೆಗೆ ಬೇಕು.

ಮರವಂತೆಯಲ್ಲಿ ಕಡಲು ಸೇರಲಿಲ್ಲ ಅಂತ ಸೌಪರ್ಣಿಕೆಯನ್ನು ಯಾರೂ ಫೇಲಾದ ನದಿ ಅನ್ನುವುದಿಲ್ಲ. ಹಾಗೆ ತಿರುಗಿ ಹರಿದದ್ದರಿಂದಲೇ ತ್ರಾಸಿಯಿಂದ ಗಂಗೊಳ್ಳಿಯ ತನಕ ಒಂದು ದಡಕ್ಕೆ ನದಿ, ಇನ್ನೊಂದು ದಡಕ್ಕೆ ಕಡಲು. ಇದನ್ನು ನಮಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಇದೇ ಶಾಲೆ.

ಈ ಸಭೆಗೆ ಬಾ ಅಂತ ಗೆಳೆಯನನ್ನು ನಿನ್ನೆ ಮತ್ತೆ ಕರೆದೆ. ಅಂಗಡಿಯಲ್ಲಿ ಕೆಲಸ ಇದೆ ಅಂದ. ಮಹೋತ್ಸವಕ್ಕೆ ಬರುತ್ತೀಯಾ ಅಂದರೆ, "ಪಟ್ಟಿ ಕಂಡ್ ಹೇಳ್ತೆ" ಅಂದ.

ಪಟ್ಟಿ ಈಗ ನಮ್ಮ ನಿಮ್ಮ ಕೈಯಲ್ಲಿದೆ.